ಹೊಟ್ಟೆನೋವು ಎಲ್ಲಿ ಶುರುವಾಯಿತು, ಎಲ್ಲಿಗೆ ಹೋಯಿತು?

"ಗ್ಯಾಸ್ ಆಗೇತ್ರಿ ಸರ್, ಒಂದ್ ಇಂಜೆಕ್ಷನ್ ಮಾಡಿಬಿಡ್ರಿ." ಹುಬ್ಬಳ್ಳಿಯಲ್ಲಿ ಸರ್ಜನ್ ಆಗಿರುವ ನಾನು ದಿನಾ ಕೇಳುವ ಮಾತಿದು. ಎಷ್ಟೋ ಸಲ ಅವರ ಅಂದಾಜು ಸರಿಯೇ ಇರುತ್ತದೆ. ಅಜೀರ್ಣವೋ ಭೇದಿಯೋ ಆಗಿ, ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಆದರೆ ರಾತ್ರಿ ಶುರುವಾದ ನೋವಿಗೆ ಮೊದಲು ಸೋಡಾ, ಆಮೇಲೆ ಅಜವಾನ, ಆಮೇಲೆ ಮೆಡಿಕಲ್ ಶಾಪಿನ ಗುಳಿಗೆ, ಮರುದಿನ ಹೊಕ್ಕಳ ಸರಿದಿದೆ ಎಂದು ತಿಕ್ಕಿಸುವುದು. ಹೀಗೆ ಎರಡು ದಿನ ಕಳೆದು ಬಂದವರನ್ನು ನೋಡಿದರೆ ಸಂಕಟವಾಗುತ್ತದೆ.

ಹೊಟ್ಟೆನೋವು ತನ್ನ ಗುರುತನ್ನು ತಾನೇ ಹೇಳುತ್ತದೆ. ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ರೋಗಿ ಹೊರಳಾಡುತ್ತಾನಾ ಅಥವಾ ಅಲುಗಾಡದೆ ಮಲಗಿದ್ದಾನಾ? ಸ್ಕ್ಯಾನಿಂಗ್‌ಗೆ ಕಳಿಸುವ ಮೊದಲೇ ನಾವು ಇಷ್ಟನ್ನು ನೋಡುತ್ತೇವೆ. ಇದನ್ನು ಮನೆಯವರೂ ನೋಡಬಹುದು.

ದೊಡ್ಡ ಕರುಳಿಗೆ ಅಂಟಿದ ಸಣ್ಣ ಬಾಲದಂಥ ಅಪೆಂಡಿಕ್ಸ್‌ಗೆ ಬಾವು ಬಂದಾಗ ಅದು ಜನರನ್ನು ದಾರಿ ತಪ್ಪಿಸುವುದೇ ಶುರುವಿನಲ್ಲಿ. ನೋವು ಸಾಮಾನ್ಯವಾಗಿ ಮೊದಲು ಹೊಕ್ಕಳ ಸುತ್ತ ಬರುತ್ತದೆ. ಇಂಥ ಜಾಗವೇ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕೆಲವು ತಾಸು ಕಳೆದ ಮೇಲೆ, ಬಾವು ಹೊಟ್ಟೆಯ ಒಳಪದರಕ್ಕೆ ತಾಗಿದಾಗ, ಬಲಗಡೆ ಕೆಳಹೊಟ್ಟೆಯಲ್ಲಿ ಬಂದು ಕೂರುತ್ತದೆ. ಊಟ ಬೇಡವಾಗುತ್ತದೆ, ವಾಕರಿಕೆ ಬರುತ್ತದೆ, ಸಣ್ಣಗೆ ಜ್ವರ ಇರಬಹುದು. ಹುಡುಗರಿಗೆ ನಾನು ತಪ್ಪದೆ ಒಂದು ಪ್ರಶ್ನೆ ಕೇಳುತ್ತೇನೆ: "ತಮ್ಮಾ, ಗಾಡಿ ತಗ್ಗಿನಾಗ ಇಳದಾಗ ಹೆಂಗಾತು?" "ಜೀವಾನ ಹೋತ್ರಿ ಸರ್" ಎಂದರೆ ನನ್ನ ಅನುಮಾನ ಬಲವಾಗುತ್ತದೆ. ಕೆಮ್ಮಿದಾಗಲೂ ಹಾಗೇ ನೋಯುತ್ತದೆ.

ಎಲ್ಲರಿಗಿಂತ ಜಾಸ್ತಿ ಅಪಾಯದಲ್ಲಿರುವವರು, ಜೋರಾಗಿದ್ದ ನೋವು ಒಮ್ಮೆಲೇ ಕಡಿಮೆಯಾಯಿತು ಎಂದು ಸಮಾಧಾನ ಪಟ್ಟುಕೊಂಡವರು. ಅಪೆಂಡಿಕ್ಸ್ ಒಡೆದರೆ ಸ್ವಲ್ಪ ಹೊತ್ತು ಹಗುರ ಎನಿಸುತ್ತದೆ. ಆಮೇಲೆ ಹೊಟ್ಟೆ ಉಬ್ಬಿ, ಜ್ವರ ಏರಿ, ಕೀವು ಹೊಟ್ಟೆಯೆಲ್ಲ ಹರಡುತ್ತದೆ. ಇಂಥ ನೋವಿಗೆ ಔಡಲೆಣ್ಣೆ ಕುಡಿಸುವುದು, ಎನಿಮಾ ಕೊಡುವುದು ಬೇಡವೇ ಬೇಡ. ಇನ್ನೊಂದು ಮಾತು. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ ಎಲ್ಲ ಸಲ ಕಾಣುವುದಿಲ್ಲ. ರಿಪೋರ್ಟ್ ನಾರ್ಮಲ್ ಇದ್ದರೂ ಡಾಕ್ಟರ್ "ಕೆಲ ತಾಸು ಬಿಟ್ಟು ಮತ್ತೆ ನೋಡೋಣ" ಎಂದರೆ, ದಯವಿಟ್ಟು ಎದ್ದು ಮನೆಗೆ ಹೋಗಬೇಡಿ.

ಅಪೆಂಡಿಕ್ಸ್ ರೋಗಿ ಅಲುಗಾಡಲು ಹೆದರುತ್ತಾನೆ, ಕಿಡ್ನಿ ಕಲ್ಲಿನ ರೋಗಿ ಇದಕ್ಕೆ ತದ್ವಿರುದ್ಧ. ಒಂದು ಕಡೆ ನಿಲ್ಲಲು, ಕೂರಲು ಆಗುವುದಿಲ್ಲ. ಸೊಂಟದ ಪಕ್ಕದಲ್ಲಿ ಎದ್ದ ನೋವು ತೊಡೆಸಂದಿಯ ಕಡೆ ಇಳಿಯುತ್ತದೆ. ಏಪ್ರಿಲ್, ಮೇ ಬಿಸಿಲಲ್ಲಿ ಹೊಲದಲ್ಲಿ ದುಡಿದು, ನೀರು ಕಡಿಮೆ ಕುಡಿಯುವವರಲ್ಲಿ ಇದು ಸಾಮಾನ್ಯ. 5 ಮಿಲಿಮೀಟರ್‌ಗಿಂತ ಸಣ್ಣ ಕಲ್ಲು ಬಹುತೇಕ ತಾನಾಗಿ ಹೋಗುತ್ತದೆ. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿದರೆ ಆಗಲೇ ಆಸ್ಪತ್ರೆಗೆ ಬನ್ನಿ.

ಅಲುಗಾಡದೆ ಮಲಗಿದವರ ಬಗ್ಗೆ ನನಗೆ ಭಯ ಜಾಸ್ತಿ. ಮೊಣಕಾಲು ನೋವಿಗೆ ದಿನಾ ಗುಳಿಗೆ ನುಂಗುವ ಅಜ್ಜಂದಿರು ಬರುತ್ತಾರೆ. ಅರ್ಧ ಖಾಲಿಯಾದ ಗುಳಿಗೆ ಶೀಟು ಅಂಗಿ ಕಿಸೆಯಲ್ಲೇ ಇರುತ್ತದೆ. "ನಿನ್ನೆ ಸಂಜಿಮುಂದ, ಎತ್ತು ಕಟ್ಟೂ ಹೊತ್ನ್ಯಾಗ ಶುರುವಾತ್ರಿ" ಎಂದು ಹೊತ್ತನ್ನೇ ಗುರುತು ಹಿಡಿದು ಹೇಳುತ್ತಾರೆ. ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಗಟ್ಟಿ. ಆ ಗುಳಿಗೆಗಳಿಂದ ಹುಣ್ಣಾಗಿ ಜಠರಕ್ಕೆ ತೂತು ಬಿದ್ದಿರುತ್ತದೆ. ಇದಕ್ಕೆ ತಡಮಾಡದೆ ಆಪರೇಷನ್ ಬೇಕು. ಹೊಟ್ಟೆನೋವಿಗೆ ಡೈಕ್ಲೋಫಿನಾಕ್‌ನಂಥ ನೋವಿನ ಗುಳಿಗೆ ತಾವೇ ತೆಗೆದುಕೊಳ್ಳಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಎಣ್ಣೆ ಪದಾರ್ಥ ಉಂಡ ಮೇಲೆ ಬಲಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೆ, ಭುಜಕ್ಕೆ ಹೋದರೆ ಪಿತ್ತಕೋಶದ ಕಲ್ಲಿರಬಹುದು. ಕುಡಿತ ಇರುವವರಿಗೆ ಮೇಲ್ಹೊಟ್ಟೆ ನೋವು ಬೆನ್ನಿಗೆ ನಾಟಿ, ಮುಂದಕ್ಕೆ ಬಾಗಿದರೆ ಸ್ವಲ್ಪ ಹಗುರ ಎನಿಸಿದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಬಾವು ನೆನಪಾಗಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಮುಟ್ಟು ತಪ್ಪಿದೆಯಾ ಎಂಬುದನ್ನು ಅತ್ತೆ, ಗಂಡನನ್ನು ಹೊರಗೆ ಕೂರಿಸಿಯೇ ಕೇಳುತ್ತೇನೆ. ಗರ್ಭ ಕೊಳವೆಯಲ್ಲಿ ನಿಂತು ಒಡೆದರೆ ರಕ್ತ ಒಳಗೇ ಸುರಿಯುತ್ತದೆ. ಹೊರಗೆ ಕಾಣುವುದು ಕೆಳಹೊಟ್ಟೆ ನೋವು, ತಲೆಸುತ್ತು, ಬೆವರು ಅಷ್ಟೇ. ಒಂದು ಮೂತ್ರ ಪರೀಕ್ಷೆ ಮಾಡಿಸಲು ನಾಚಿಕೆಯಿಂದ ತಡವಾಗಬಾರದು.

ಹೊಟ್ಟೆಯದೇ ಅಲ್ಲದ ನೋವೂ ಇದೆ. 40 ದಾಟಿದವರಿಗೆ, ಅದರಲ್ಲೂ ಶುಗರ್ ಇದ್ದವರಿಗೆ, ಮೇಲ್ಹೊಟ್ಟೆಯ ಉರಿ ಜೊತೆ ಬೆವರು ಬಂದರೆ ಮೊದಲು ಇಸಿಜಿ ಮಾಡಿಸಿ. ಹಾರ್ಟ್ ಅಟ್ಯಾಕ್ ಹೀಗೂ ಬರುತ್ತದೆ. ಹುಡುಗರು ಹೊಟ್ಟೆನೋವು ಎಂದು ಅತ್ತಾಗ ವೃಷಣ ಊದಿದೆಯಾ ನೋಡಿ. ಅದು ತಿರುಚಿಕೊಂಡಿದ್ದರೆ ಉಳಿಸಲು ಇರುವ ಸಮಯ ಸುಮಾರು 6 ತಾಸು. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಎದ್ದು, ಕಣ್ಣಿನ ರೆಪ್ಪೆ ಜೋತುಬೀಳುತ್ತಿದ್ದರೆ ಕಟ್ಟುಹಾವು ಕಚ್ಚಿರಬಹುದು. ಅದರ ಕಡಿತ ಸಾಮಾನ್ಯವಾಗಿ ನೋಯುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ.

ಹಾಗಾದರೆ ಯಾವಾಗ ಹೊರಡಬೇಕು? ಜೋರಾದ ನೋವು 6 ತಾಸಾದರೂ ಇಳಿಯದಿದ್ದರೆ ಹೊರಡಿ. ಹಸಿರು ವಾಂತಿ, ವಾಂತಿಯಲ್ಲಿ ಇಲ್ಲವೇ ಮಲದಲ್ಲಿ ರಕ್ತ, ಗಾಳಿಯೂ ಹೋಗದೆ ಉಬ್ಬಿದ ಹೊಟ್ಟೆ, ಒಳಗೆ ಹೋಗದೆ ನೋಯುವ ಹರ್ನಿಯಾ ಗಂಟು, ತಲೆಸುತ್ತು, ಮೇಲೆ ಹೇಳಿದ ಹಲಗೆಯಂಥ ಹೊಟ್ಟೆ, ಊದಿದ ವೃಷಣ, ಬೆವರು, ಜೋತುಬಿದ್ದ ರೆಪ್ಪೆ ಇದ್ದರೆ ಅಷ್ಟೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮುಂಡರಗಿ, ಹಿರೇಕೆರೂರಿನ ಕಡೆಯವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ಅಲ್ಲಿ ಸಲೈನ್ ಹಚ್ಚಿಸಿಕೊಂಡು ಗದಗಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ, ಹಾವೇರಿ ಜಿಲ್ಲಾಸ್ಪತ್ರೆಗೋ, ಹುಬ್ಬಳ್ಳಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೋ (ಕೆಎಂಸಿಆರ್‌ಐ, ಹಿಂದಿನ ಕಿಮ್ಸ್) ಬರುವುದು ಸುರಕ್ಷಿತ. ದಾರಿಯಲ್ಲಿ ಚಹಾ, ತಿಂಡಿ ಏನೂ ಕೊಡಬೇಡಿ. ಆಪರೇಷನ್ ಬೇಕಾದರೆ ಖಾಲಿ ಹೊಟ್ಟೆ ಇರಬೇಕು. ನೋವು ತಗ್ಗಿಸುವ ಔಷಧಿಯನ್ನು ಆಸ್ಪತ್ರೆಯಲ್ಲಿ ನಾವೇ ಕೊಡುತ್ತೇವೆ, ಅದರಿಂದ ರೋಗ ಮರೆಯಾಗುತ್ತದೆ ಎಂಬ ಹೆದರಿಕೆ ಬೇಡ. ಬರುವಾಗ ನೋವು ಶುರುವಾದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ನುಂಗಿದ ಗುಳಿಗೆಗಳ ಶೀಟನ್ನೂ ಜೊತೆಗೆ ತನ್ನಿ.