ದುಬಾರಿ ಹೆಡ್‌ಫೋನ್ ಮತ್ತು ಕಿವಿಯ ಲೆಕ್ಕಾಚಾರ

ಕಿವಿತಮಟೆಯ ಬಳಿ ಎಲ್ಲ ಕಂಪನಾಂಕಗಳನ್ನೂ ಒಂದೇ ಮಟ್ಟದಲ್ಲಿ ತಲುಪಿಸುವ ಹೆಡ್‌ಫೋನನ್ನು ಯಾರಾದರೂ ತಯಾರಿಸಿದರೆ ಅದು ಕೇಳಲು ಸೊಗಸಾಗಿರುವುದಿಲ್ಲ. ಗಾಯಕರು ಕಂಬಳಿಯ ಮರೆಯಲ್ಲಿ ನಿಂತು ಹಾಡುತ್ತಿರುವಂತೆ ಮಂಕಾಗಿ ಕೇಳಿಸುತ್ತದೆ. ಧ್ವನಿವರ್ಧಕದ ವಿಷಯದಲ್ಲಿ ಹೀಗಲ್ಲ. ಅದರ ಮುಂದೆ ಮೈಕ್ ಇಟ್ಟು ಅಳೆದಾಗ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಶಬ್ದದ ಮಟ್ಟವನ್ನು ತೋರಿಸುವ ರೇಖೆ ಎಷ್ಟು ಸಪಾಟಾಗಿದ್ದರೆ ಅಷ್ಟು ಒಳ್ಳೆಯದು ಎಂಬ ಮಾತು ಬಹುಮಟ್ಟಿಗೆ ನಿಜ. ಈ ವ್ಯತ್ಯಾಸದ ಕಾರಣ ತಿಳಿದರೆ, ಮನೆಯಲ್ಲಿ ಸಂಗೀತ ಕೇಳಲು ಮೇಲ್ದರ್ಜೆಯ ಹೆಡ್‌ಫೋನ್ ಕೊಳ್ಳಹೊರಟವರ ಅರ್ಧ ಗೊಂದಲ ಕಳೆಯುತ್ತದೆ.

ಧ್ವನಿವರ್ಧಕದಿಂದ ಹೊರಟ ಶಬ್ದ ನೆಟ್ಟಗೆ ಕಿವಿತಮಟೆಗೆ ಬಂದು ಬಡಿಯುವುದಿಲ್ಲ. ಅದು ಹೆಗಲಿಗೆ ತಾಗಿ, ತಲೆಯನ್ನು ಬಳಸಿ, ಹೊರಗಿವಿಯ ಮಡಿಕೆಗಳಲ್ಲಿ ತಿರುಗಿ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳವನ್ನು ಹೊಕ್ಕು ಒಳಗೆ ಸಾಗುತ್ತದೆ. ಪೆನ್ನಿನ ಮುಚ್ಚಳದ ಬಾಯಿಗೆ ಊದಿದಾಗ ಸಿಳ್ಳೆ ಹುಟ್ಟುವುದನ್ನು ಎಲ್ಲರೂ ಬಲ್ಲರು. ಒಂದು ತುದಿ ಮುಚ್ಚಿದ ಕೊಳವೆಯಲ್ಲಿ, ಅದರ ಉದ್ದದ ನಾಲ್ಕು ಪಟ್ಟು ಅಲೆಯುದ್ದವಿರುವ ಶಬ್ದ ಅನುರಣನಗೊಂಡು ಬಲಗೊಳ್ಳುತ್ತದೆ. ಕಿವಿತಮಟೆಯಿಂದ ಮುಚ್ಚಿದ ಕಿವಿನಾಳವೂ ಅಂಥದೇ ಕೊಳವೆಯಾದ್ದರಿಂದ, ಹೊರಗಿವಿಯ ನೆರವೂ ಸೇರಿ, ಸುಮಾರು 3,000 ಹರ್ಟ್ಸ್ ಆಸುಪಾಸಿನ ಸ್ವರಗಳು ಹತ್ತು ಡೆಸಿಬಲ್‌ಗಿಂತಲೂ ಹೆಚ್ಚು ಉಬ್ಬಿ ಕಿವಿತಮಟೆಯನ್ನು ತಲುಪುತ್ತವೆ. ಎಳವೆಯಿಂದಲೂ ಈ ಉಬ್ಬಿನೊಂದಿಗೇ ಲೋಕದ ಸದ್ದುಗಳನ್ನು ಕೇಳಿರುವ ಮಿದುಳು ಅದನ್ನೇ ಸಹಜವೆಂದು ಬಗೆದಿದೆ. ಹೆಡ್‌ಫೋನ್ ಹೆಗಲನ್ನೂ ತಲೆಯನ್ನೂ ದಾಟಿ ಕಿವಿಯ ಮಗ್ಗುಲಲ್ಲೇ ನುಡಿಯುತ್ತದೆ. ಆದ್ದರಿಂದ ಅದರ ತಯಾರಕರು ಹಾದಿಯಲ್ಲಿ ತಪ್ಪಿಹೋದ ಈ ಬದಲಾವಣೆಗಳನ್ನು ತಾವೇ ಲೆಕ್ಕಹಾಕಿ ಸೇರಿಸಬೇಕಾಗುತ್ತದೆ. ಒಬ್ಬರ ಕಿವಿಯಂತೆ ಇನ್ನೊಬ್ಬರ ಕಿವಿ ಇರುವುದಿಲ್ಲವಾಗಿ ಈ ಲೆಕ್ಕ ಯಾರಿಗೂ ಸಂಪೂರ್ಣವಾಗಿ ಕೂಡಿಬರುವುದಿಲ್ಲ. ಒಬ್ಬರು ಮೆಚ್ಚಿ ಹೊಗಳಿದ ಹೆಡ್‌ಫೋನ್ ಮತ್ತೊಬ್ಬರ ಕಿವಿಗೆ ಚುಚ್ಚುವುದು ಅಭಿರುಚಿಯ ಭೇದದಿಂದಷ್ಟೇ ಅಲ್ಲ.

ಹಾಗಾದರೆ ಸರಾಸರಿ ಕಿವಿಗೆ ಯಾವ ರೇಖೆ ಹಿತ? 2010ರ ದಶಕದಲ್ಲಿ ಧ್ವನಿವರ್ಧಕ, ಹೆಡ್‌ಫೋನ್‌ಗಳನ್ನು ತಯಾರಿಸುವ ಹರ್ಮನ್ ಸಂಸ್ಥೆಯ ಸಂಶೋಧಕರಾದ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಅವರ ಸಂಗಡಿಗರು, ಕೇಳುಗರಿಗೆ ಯಾವ ಹೆಡ್‌ಫೋನ್ ನುಡಿಯುತ್ತಿದೆ ಎಂಬುದನ್ನು ತಿಳಿಸದೆ ಪರೀಕ್ಷೆಗಳನ್ನು ನಡೆಸಿದರು. ಒಳ್ಳೆಯ ಕೋಣೆಯಲ್ಲಿ ಇಟ್ಟ ಒಳ್ಳೆಯ ಧ್ವನಿವರ್ಧಕದ ನಾದವನ್ನು ಹೋಲುವ ಸ್ವರಸಮತೋಲವನ್ನೇ, ಎಂದರೆ ಮಂದ್ರ, ಮಧ್ಯ, ತಾರಸ್ವರಗಳ ಪರಸ್ಪರ ಪ್ರಮಾಣವನ್ನೇ, ಹೆಚ್ಚಿನವರು ಮೆಚ್ಚುತ್ತಾರೆ ಎಂಬುದು ಅವರಿಗೆ ಕಂಡುಬಂತು. ಮಂದ್ರಸ್ವರ ಎಷ್ಟಿರಬೇಕೆಂಬುದರಲ್ಲಿ ಮಾತ್ರ ಕೇಳುಗರು ಹಲವು ಗುಂಪುಗಳಾಗಿ ಒಡೆದರು. 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆಗಳನ್ನು ಅವುಗಳ ಮಾರಾಟದ ಬೆಲೆಯೊಂದಿಗೆ ಹೋಲಿಸಿ ನೋಡಿದಾಗ, ಸ್ವರಸಮತೋಲಕ್ಕೂ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಹೆಡ್‌ಫೋನಿನ ನಾದವನ್ನು ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವ ಗುಣವೇ ಬೆಲೆಯ ಜೊತೆ ಏರುವುದಿಲ್ಲವೆಂದ ಮೇಲೆ, ಅಂಗಡಿಯಲ್ಲಿ ಅತಿ ಎತ್ತರದ ಕಪಾಟಿನಿಂದ ಹುಡುಕಾಟ ಆರಂಭಿಸುವುದರಲ್ಲಿ ಅರ್ಥವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಚ್ಚಿನ ಹಣಕ್ಕೆ ಏನೂ ದಕ್ಕುವುದಿಲ್ಲವೆಂದು ಇದರ ಅರ್ಥವಲ್ಲ. ಎಡಬಲದ ಘಟಕಗಳ ನಿಖರವಾದ ಹೊಂದಾಣಿಕೆ, ಜೋರಾಗಿ ನುಡಿಸಿದಾಗಲೂ ಕೆಡದ ಮಂದ್ರ, ಬಿಡಿಭಾಗ ಬದಲಿಸಲು ಬರುವ ಕಟ್ಟೋಣ ಇವೆಲ್ಲ ಸಿಗಬಹುದು. ಶಬ್ದ ಹುಟ್ಟಿಸುವ ಬಗೆಯೂ ಬದಲಾಗುತ್ತದೆ. ಸಾಮಾನ್ಯವಾದ ಡೈನಾಮಿಕ್ ಬಗೆಯಲ್ಲಿ ಅಯಸ್ಕಾಂತದ ನಡುವಿನ ತಂತಿಸುರುಳಿ ಒಂದು ಪೊರೆಯನ್ನು ತಳ್ಳಿ ಎಳೆಯುತ್ತದೆ. ಪ್ಲೇನಾರ್ ಬಗೆಯಲ್ಲಿ ತೆಳುಪೊರೆಯ ಮೈತುಂಬ ಲೋಹದ ಹಾದಿಗಳನ್ನು ಮೂಡಿಸಿ, ಅದನ್ನು ಅಯಸ್ಕಾಂತಗಳ ಸಾಲಿನ ಎದುರು ಹಿಗ್ಗಿಸಿ ಕಟ್ಟಿರುತ್ತಾರೆ. ಇಡೀ ಪೊರೆ ಒಟ್ಟಿಗೆ ಅಲುಗುವುದು ಇದರ ಹೆಚ್ಚುಗಾರಿಕೆ. ಅಯಸ್ಕಾಂತಗಳ ಭಾರ ಕತ್ತಿನ ಮೇಲೆ ಬೀಳುವುದು ಇದರ ಕೊರತೆ. ಸ್ಥಾಯೀವಿದ್ಯುತ್ ಬಗೆ ಇನ್ನೂ ಸೂಕ್ಷ್ಮವಾದುದು. ಅದರಲ್ಲಿ ಕೂದಲಿಗಿಂತ ಎಷ್ಟೋ ತೆಳುವಾದ ಪೊರೆ ಎರಡು ರಂಧ್ರಫಲಕಗಳ ನಡುವೆ ನೂರಾರು ವೋಲ್ಟ್ ವಿದ್ಯುತ್ತನ್ನು ಹೊತ್ತು ನಿಂತಿರುತ್ತದೆ. ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಿಂದ ಈ ಬಗೆಯವನ್ನು ಮಾರುತ್ತಿದ್ದು, ಅವುಗಳಿಗೆ ಪ್ರತ್ಯೇಕವಾದ ವಿಶೇಷ ಆಂಪ್ಲಿಫೈಯರ್ ಬೇಕೇ ಬೇಕು. ಆದರೆ ಬಗೆ ಯಾವುದೆಂದು ತಿಳಿದ ಮಾತ್ರಕ್ಕೆ ನಾದ ಹೇಗಿರುತ್ತದೆಂದು ಹೇಳಲಾಗದು. ಚೆನ್ನಾಗಿ ಹದಗೊಳಿಸಿದ ಡೈನಾಮಿಕ್ ಹೆಡ್‌ಫೋನ್ ಹದ ತಪ್ಪಿದ ಪ್ಲೇನಾರನ್ನು ಸುಲಭವಾಗಿ ಹಿಂದಿಕ್ಕುತ್ತದೆ.

ಮನೆಯ ಕೇಳುಗರ ಮುಂದಿರುವ ನಿಜವಾದ ಆಯ್ಕೆಯೆಂದರೆ ಬೆನ್ನು ತೆರೆದದ್ದೋ ಮುಚ್ಚಿದ್ದೋ ಎಂಬುದು. 1968ರಲ್ಲಿ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414 ಬಂದ ಮೇಲೆ ತೆರೆದ ಬಗೆ ಜನಪ್ರಿಯವಾಯಿತು. ಬಟ್ಟಲಿನ ಹಿಂಬದಿ ತೆರೆದಿದ್ದರೆ ಪೊರೆಯ ಹಿಂದಿನಿಂದ ಹೊರಟ ಅಲೆಗಳು ಒಳಗೇ ಪ್ರತಿಫಲಿಸಿ ಗುಂಯ್‌ಗುಡದೆ ಹೊರಗೆ ಹೋಗುತ್ತವೆ. ನಾದ ತಲೆಯ ಸುತ್ತ ಹರಡಿದಂತೆ ಭಾಸವಾಗುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಹಾಡು ಕೇಳಿಸುತ್ತದೆ, ಫ್ಯಾನಿನ ಸದ್ದು ನಿಮಗೂ ಕೇಳಿಸುತ್ತದೆ. ಏಕಾಂತದ ಕೋಣೆಯಿದ್ದವರು ತೆರೆದದ್ದನ್ನೇ ಕೊಳ್ಳಬೇಕು. ಗದ್ದಲದ ಮನೆಯಲ್ಲಿ ಅದು ವ್ಯರ್ಥ. ಎಷ್ಟೇ ತೆರೆದದ್ದಾದರೂ ಹೆಡ್‌ಫೋನ್ ಧ್ವನಿವರ್ಧಕದಂತೆ ಎದುರಿನ ವೇದಿಕೆಯನ್ನು ಕಟ್ಟಿಕೊಡಲಾರದು. ಎಡಗಡೆಯ ಧ್ವನಿವರ್ಧಕದ ಶಬ್ದ ಕ್ಷಣಾಂಶ ತಡವಾಗಿ ಬಲಗಿವಿಗೂ ಬರುತ್ತದೆ, ಹೆಡ್‌ಫೋನಿನಲ್ಲಿ ಹಾಗೆ ಬರುವುದಿಲ್ಲ. ಹಾಗಾಗಿಯೇ ಗಾಯಕರು ನಮ್ಮ ನೆತ್ತಿಯೊಳಗೆ ಕುಳಿತಂತೆ ಅನ್ನಿಸುವುದು.

ಆಂಪ್ಲಿಫೈಯರ್ ಬೇಕೇ ಬೇಡವೇ ಎಂಬುದಕ್ಕೆ ವಾದ ಬೇಡ, ಗುಣಾಕಾರ ಸಾಕು. ಒಂದು ಮಿಲಿವ್ಯಾಟ್‌ಗೆ 97 ಡೆಸಿಬಲ್ ಕೊಡುವ, 300 ಓಮ್ ವಿದ್ಯುತ್ ತಡೆಯಿರುವ ಹೆಡ್‌ಫೋನ್, ಮೃದಂಗದ ಹೊಡೆತದಂಥ ಕ್ಷಣಿಕ ಶಿಖರದಲ್ಲಿ 107 ಡೆಸಿಬಲ್ ಮುಟ್ಟಲು ಹತ್ತು ಪಟ್ಟು ಶಕ್ತಿ, ಎಂದರೆ 10 ಮಿಲಿವ್ಯಾಟ್ ಬೇಡುತ್ತದೆ, ಅದಕ್ಕೆ 1.7 ವೋಲ್ಟ್ ಬೇಕು. ಫೋನಿಗೆ ಸಿಕ್ಕಿಸುವ ಪುಟ್ಟ ಅಡಾಪ್ಟರುಗಳಲ್ಲಿ ಹಲವು ಸುಮಾರು ಒಂದು ವೋಲ್ಟ್‌ಗೇ ನಿಲ್ಲುತ್ತವೆ. ಅದೇ 32 ಓಮ್‌ನದಾದರೆ 0.6 ವೋಲ್ಟ್‌ಗಿಂತ ಕಡಿಮೆ ಸಾಕು. ಓಮ್ ಕಡಿಮೆಯಿದ್ದ ಮಾತ್ರಕ್ಕೆ ಸುಲಭವೆಂದೂ ತಿಳಿಯಬಾರದು: 50 ಓಮ್‌ನ ಒಂದು ಪ್ಲೇನಾರ್ ಮಿಲಿವ್ಯಾಟ್‌ಗೆ 87 ಡೆಸಿಬಲ್ ಮಾತ್ರ ಕೊಟ್ಟರೆ ಅದೇ ಶಿಖರಕ್ಕೆ 100 ಮಿಲಿವ್ಯಾಟ್ ಬೇಕಾಗುತ್ತದೆ. ಬೇಕಾದಷ್ಟು ಶಕ್ತಿ ಸಿಕ್ಕ ಮೇಲೆ ಇನ್ನೂ ದುಬಾರಿ ಆಂಪ್ಲಿಫೈಯರ್‌ಗೆ, ಬೆಳ್ಳಿಯ ಕೇಬಲ್‌ಗೆ ಸುರಿಯುವ ಹಣದಿಂದ ಕಿವಿಗೆ ಹೆಚ್ಚೇನೂ ತಲುಪುವುದಿಲ್ಲ.

ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಎಲ್ಲರೂ ಎಡವುವುದು ಶಬ್ದದ ಮಟ್ಟದಲ್ಲಿ. ಸ್ವಲ್ಪ ಜೋರಾದದ್ದು ಜೋರೆಂದು ಅನ್ನಿಸದೆ, ಹೆಚ್ಚು ಸ್ಪಷ್ಟ, ಹೆಚ್ಚು ತುಂಬಿದ್ದು ಎಂದು ಅನ್ನಿಸುತ್ತದೆ. ಆದ್ದರಿಂದ ವಾಲ್ಯೂಮನ್ನು ಸರಿಸಮ ಮಾಡಿಕೊಂಡು, ಚೆನ್ನಾಗಿ ಪರಿಚಿತವಾದ ನಾಲ್ಕಾರು ಧ್ವನಿಮುದ್ರಣಗಳನ್ನೇ ಕೇಳಬೇಕು. ಹೆಣ್ಣುದನಿ, ಪಿಟೀಲು, ತಂಬೂರಿಯ ಶ್ರುತಿ ಇವು ಮಧ್ಯ ಮತ್ತು ತಾರಸ್ವರಗಳ ದೋಷವನ್ನು ಬೇಗ ಬಯಲಿಗೆಳೆಯುತ್ತವೆ. ಕೇಳುವ ಮಟ್ಟವನ್ನೂ ಗಮನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. 90ಕ್ಕೆ ಏರಿಸಿದರೆ 4 ಗಂಟೆ ಮಾತ್ರ.

ಕಡೆಗೆ ದಿಂಬುಗಳ ವಿಚಾರ. ಕಿವಿಯ ಸುತ್ತಲಿನ ದಿಂಬು ಚರ್ಮಕ್ಕೆ ಅಂಟಿ ಕೂರದಿದ್ದರೆ, ವಿಶೇಷವಾಗಿ ಮುಚ್ಚಿದ ಬಗೆಯಲ್ಲಿ, ಮಂದ್ರ ಸೋರಿಹೋಗುತ್ತದೆ. ಕನ್ನಡಕದ ಕಡ್ಡಿಯೊಂದೇ ಇದಕ್ಕೆ ಸಾಕು. ಒಮ್ಮೆ ಕನ್ನಡಕ ತೆಗೆದಿಟ್ಟು ಪರೀಕ್ಷಿಸಿ ಕೊಂಡ ಹೆಡ್‌ಫೋನ್ ಮನೆಯಲ್ಲಿ ಕನ್ನಡಕದೊಂದಿಗೆ ಸೊರಗಿ ನುಡಿದಾಗ, ನಾನು ಎರಡು ವಾರ ಪಾಪದ ಕೇಬಲನ್ನೇ ಶಂಕಿಸಿದ್ದೆ. ಈ ದಿಂಬುಗಳು ಬೆವರು ಕುಡಿದು ವರ್ಷಗಳಲ್ಲಿ ಚಪ್ಪಟೆಯಾಗುತ್ತವೆ; ಪೊರೆ ಕಿವಿಗೆ ಹತ್ತಿರವಾಗಿ ನಾದವೂ ಬದಲಾಗುತ್ತದೆ. ಬದಲಾವಣೆ ದಿನಕ್ಕಿಷ್ಟರಂತೆ ನಡೆಯುವುದರಿಂದ ಕೇಳುಗರಿಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲೇ ಆ ಮಾದರಿಗೆ ತಯಾರಕರದೇ ಬದಲಿ ದಿಂಬುಗಳು ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇರೆಯವರು ಮಾಡಿದ ದಿಂಬು ಅಳತೆಗೆ ಸರಿಹೊಂದಿದರೂ ಅದರ ದಪ್ಪ ಮತ್ತು ಹೊದಿಕೆ ಬೇರೆಯಾದರೆ, ಕಿವಿ ಮೆಚ್ಚಿ ಕೊಂಡ ನಾದ ಮತ್ತೆ ಸಿಗದೆ ಹೋಗಬಹುದು.