ಇಬ್ಭಾಗವಾಗುವ ಮುನ್ನ ಬಿಗಿಯುವ ಕೋಶ

ಕೋಶವಿಭಜನೆ ಎಂದೊಡನೆ ಪಠ್ಯಪುಸ್ತಕಗಳು ಕ್ರೋಮೋಸೋಮುಗಳನ್ನು ಬಿಡಿಸಿ, ಸುತ್ತ ಒಂದು ವೃತ್ತ ಎಳೆದು ಸುಮ್ಮನಾಗುತ್ತವೆ. ಆ ವೃತ್ತ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಗಾಜಿನ ಮೇಲೆ ಬೆಳೆಸಿದ ಹೀಲಾ ಕೋಶ (ಪ್ರಯೋಗಾಲಯಗಳಲ್ಲಿ ಬಳಸುವ ಮಾನವ ಕ್ಯಾನ್ಸರ್ ಕೋಶ) ಮೊದಲು ದುಂಡಗೆ ಇರುವುದೇ ಇಲ್ಲ. ಕಾವಲಿಯ ಮೇಲೆ ಹುಯ್ದ ನೀರುದೋಸೆಯಂತೆ ಹರಡಿಕೊಂಡಿರುತ್ತದೆ. ವಿಭಜನೆ ಶುರುವಾದಾಗ ಅಂಚುಗಳನ್ನು ಒಳಗೆಳೆದುಕೊಂಡು ಗೋಲಿಯಂತೆ ಎದ್ದು ನಿಲ್ಲುತ್ತದೆ. ಈ ಕೆಲಸ ಕಾರ್ಟೆಕ್ಸಿನದು. ಕೋಶಪೊರೆಗೆ ಒಳಗಿನಿಂದ ಅಂಟಿಕೊಂಡ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಬಲೆ, ಅದನ್ನು ಜಗ್ಗುವ ಮಯೋಸಿನ್ ಎಂಬ ಪ್ರೋಟೀನ್ ಮೋಟಾರುಗಳು, ಎಲ್ಲ ಸೇರಿ ದಪ್ಪ ಸುಮಾರು 200 ನ್ಯಾನೊಮೀಟರ್.

ಹಾಗಾದರೆ ಕಾರ್ಟೆಕ್ಸ್ ದಪ್ಪಗಾಗಿ ಕೋಶ ಗಟ್ಟಿಯಾಗುತ್ತದೆ ಎಂದುಕೊಳ್ಳುವವರು ಬಹಳ. ಅದು ತಪ್ಪು. ಗಟ್ಟಿಯಾಗುವುದು ಬೇರೆ, ಬಿಗಿಯಾಗುವುದು ಬೇರೆ. ಮೃದಂಗದ ಬಾರು ಎಳೆದಾಗ ಚರ್ಮ ದಪ್ಪವಾಗುವುದಿಲ್ಲ, ಬಿಗಿತ ಏರುತ್ತದೆ. ಬೆರಳಿಗೆ ಮಾತ್ರ ಗಟ್ಟಿ ಅನ್ನಿಸುತ್ತದೆ. ಆದರೆ ಬಾರನ್ನು ಒಮ್ಮೆ ಎಳೆದು ಕಟ್ಟಿದರೆ ಆಯಿತು, ಕಾರ್ಟೆಕ್ಸಿನಲ್ಲಿ ನಡೆಯುವುದು ನಿಲ್ಲದ ಹಗ್ಗಜಗ್ಗಾಟ. ಜಗ್ಗುವವರು ಕೈಬಿಟ್ಟ ಕೂಡಲೇ ಹಗ್ಗ ಸಡಿಲ. ಜೊತೆಗೆ ಹಗ್ಗವೂ ಅದೇ ಹಗ್ಗವಾಗಿ ಉಳಿಯುವುದಿಲ್ಲ. ಆಕ್ಟಿನ್ ಎಳೆಗಳು ನಿಮಿಷದ ಆಸುಪಾಸಿನಲ್ಲಿ ಕಳಚಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಹೀಗಾಗಿ ರಬ್ಬರಿನಂತೆ ಹಿಗ್ಗಿಸಿದಷ್ಟೂ ಎಳೆತ ಏರುವುದಿಲ್ಲ. ನಿಧಾನವಾಗಿ ಅಳೆದರೆ ಇಡೀ ಕೋಶ ನೀರಹನಿಯಂತೆ ನಡೆದುಕೊಳ್ಳುತ್ತದೆ, ಹನಿಗೆ ಲಾಪ್ಲಾಸ್ ಸೂತ್ರ ಸಾಕು: ಬಿಗಿತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದರೆ ಒಳಗಿನ ಹೆಚ್ಚುವರಿ ಒತ್ತಡ.

ಅಳೆಯಲು ಹಳೆಯ ಉಪಾಯ ಗಾಜಿನ ಸೂಕ್ಷ್ಮನಳಿಗೆ. ಬಾಯಿಯ ವ್ಯಾಸ 5 ಮೈಕ್ರೋಮೀಟರ್ ಇರಲಿ. ಕೋಶ ಅಂಟದಂತೆ ಒಳಗೆ ಆಲ್ಬುಮಿನ್ ಲೇಪಿಸಬೇಕು. ನಳಿಗೆಗೆ ಸೇರಿಸಿದ ನೀರಿನ ಪಾತ್ರೆಯನ್ನು ಕೆಳಗಿಳಿಸಿದರೆ ಪ್ರತಿ ಮಿಲಿಮೀಟರಿಗೆ 9.8 ಪಾಸ್ಕಲ್ ಹೀರಿಕೆ. ಮೊದಲು ಸೊನ್ನೆ ಹಿಡಿಯಬೇಕು: ನಳಿಗೆಯ ಬಾಯಲ್ಲಿ ತೇಲುವ ಕಣವೊಂದು ಒಳಗೂ ಹೋಗದೆ ಹೊರಗೂ ಬರದೆ ನಿಂತರೆ ಅದೇ ಸೊನ್ನೆ. ಪಾತ್ರೆಯ ನೀರು ಆವಿಯಾದರೆ ಈ ಸೊನ್ನೆ ಸರಿಯುತ್ತದೆ, ಆಗಾಗ ನೋಡಿಕೊಳ್ಳಬೇಕು. ಆಮೇಲೆ ಹೀರಿಕೆ ಏರಿಸುತ್ತ ಹೋದರೆ ಕೋಶದ ನಾಲಿಗೆಯೊಂದು ನಳಿಗೆಯೊಳಕ್ಕೆ ಬರುತ್ತದೆ. ಅದು ಸರಿಯಾಗಿ ಅರ್ಧಗೋಳವಾದ ಗಳಿಗೆಯ ಒತ್ತಡವನ್ನೇ ಬರೆದುಕೊಳ್ಳಬೇಕು. ಅದನ್ನು ದಾಟಿದರೆ ಕೋಶ ಒಳಕ್ಕೆ ಹರಿಯತೊಡಗುತ್ತದೆ. 8 ಮೈಕ್ರೋಮೀಟರ್ ತ್ರಿಜ್ಯದ ಕೋಶದ ಬಿಗಿತ ಮೀಟರಿಗೆ 0.2 ಮಿಲಿನ್ಯೂಟನ್ ಇದ್ದರೆ 11 ಮಿಲಿಮೀಟರ್ ನೀರು ಸಾಕು, 1.6 ಇದ್ದರೆ 90 ಬೇಕು.

ಇಲ್ಲೊಂದು ಗುಂಡಿಯಿದೆ. ಜೋರಾಗಿ ಹೀರಿದರೆ ಪೊರೆ ಕಾರ್ಟೆಕ್ಸಿನಿಂದ ಕಿತ್ತುಕೊಂಡು ಬೊಬ್ಬೆಯಾಗಿ ನಳಿಗೆಗೆ ನುಗ್ಗುತ್ತದೆ. ನೋಡಲು ಅದೂ ಅರ್ಧಗೋಳವೇ, ಆದರೆ ಅಳೆದದ್ದು ಕಾರ್ಟೆಕ್ಸನ್ನಲ್ಲ. ಆಕ್ಟಿನ್‌ಗೆ ಹೊಳೆಯುವ ಗುರುತು ಹಾಕಿದ್ದರೆ ಮಾತ್ರ ಈ ಮೋಸ ಕಣ್ಣಿಗೆ ಬೀಳುತ್ತದೆ.

1932ರಲ್ಲೇ ಕೆನೆತ್ ಕೋಲ್ ಮುಳ್ಳುಮೈಯ ಪ್ರಾಣಿಯಾದ ಕಡಲ ಅರ್ಚಿನ್‌ನ ಮೊಟ್ಟೆಯನ್ನು ತೆಳು ಚಿನ್ನದ ಪಟ್ಟಿಯಿಂದ ಒತ್ತಿ, ಬಿಗಿತ ಮೀಟರಿಗೆ 0.08 ಮಿಲಿನ್ಯೂಟನ್ ಎಂದು ಲೆಕ್ಕ ಹಾಕಿದ್ದರು. 1954ರಲ್ಲಿ ಮಿಚಿಸನ್ ಮತ್ತು ಸ್ವಾನ್ ನಳಿಗೆಯಿಂದ ಅಂಥದೇ ಮೊಟ್ಟೆಗಳನ್ನು ಹೀರಿ, ಮೊಟ್ಟೆ ಇಬ್ಭಾಗವಾಗುವ ಮುನ್ನ ಪ್ರತಿರೋಧ ಜೋರಾಗಿ ಏರುವುದನ್ನು ಕಂಡರು. ಅಳತೆ ಅಚ್ಚುಕಟ್ಟಾಗಿತ್ತು. ಆದರೆ ಅದನ್ನು ದಪ್ಪ ಪೊರೆಯ ಗಡಸುತನವೆಂದು ಓದಿಕೊಂಡರು. ಸಂಖ್ಯೆ ಸರಿಯಿದ್ದರೂ ಮಾದರಿ ತಪ್ಪಿದರೆ ಹೀಗಾಗುತ್ತದೆ.

ಇವತ್ತಿಗೂ ಆ ತಪ್ಪು ನಡೆದೇ ಇದೆ. ಪರಮಾಣು ಬಲ ಸೂಕ್ಷ್ಮದರ್ಶಕದ ಚೂಪು ಮೊನೆಯಿಂದ ಚುಚ್ಚಿ, ಕೋಶ ಒಂದು ಘನ ಗೋಳವೆಂಬಂತೆ, ಘನವಸ್ತುಗಳನ್ನು ಒತ್ತಿದಾಗಿನ ಲೆಕ್ಕವಾದ ಹರ್ಟ್ಸ್ ಸೂತ್ರಕ್ಕೆ ತುರುಕಿದರೆ ಬರುವ ಸಂಖ್ಯೆಯಲ್ಲಿ ಬಿಗಿತ, ಗಡಸುತನ ಎರಡೂ ಕಲಸಿಹೋಗಿರುತ್ತವೆ. ಇದಕ್ಕಿಂತ ಮೊನೆಯಿಲ್ಲದ ಚಪ್ಪಟೆ ಪಟ್ಟಿಯಿಂದ ಕೋಶವನ್ನು ಒತ್ತುವುದು ವಾಸಿ. ಆ ಯಂತ್ರದ ಸನ್ನೆಪಟ್ಟಿ ಸುಮಾರು 10 ಡಿಗ್ರಿ ಓರೆಯಾಗಿರುವುದರಿಂದ ಒತ್ತಿದರೆ ಕೋಶ ಪಕ್ಕಕ್ಕೆ ಜಾರುತ್ತದೆ. ಅದಕ್ಕೇ ಪಟ್ಟಿಯ ಕೆಳಗೆ ಅತಿನೇರಳೆ ಬೆಳಕಿಗೆ ಗಟ್ಟಿಯಾಗುವ ಅಂಟಿನಿಂದ ಬೆಣೆ ಕಟ್ಟಿ ಸಮಾಂತರ ಮಾಡುತ್ತಾರೆ. ಒತ್ತಿದ ಕ್ಷಣ ಬಲ ಚಿಮ್ಮಿ ಆಮೇಲೆ ಇಳಿಯುತ್ತದೆ. ಇಳಿದು ನಿಂತ ಮಟ್ಟವೇ ನಮಗೆ ಬೇಕಾದದ್ದು. ಅದು 30 ನ್ಯಾನೊನ್ಯೂಟನ್, ಪಟ್ಟಿಗೆ ತಾಗಿದ ವೃತ್ತದ ತ್ರಿಜ್ಯ 5 ಮೈಕ್ರೋಮೀಟರ್ ಆದರೆ ಒಳ ಒತ್ತಡ ಸುಮಾರು 380 ಪಾಸ್ಕಲ್. ತ್ರಿಜ್ಯದಲ್ಲಿ ನೂರಕ್ಕೆ 10 ತಪ್ಪಿದರೆ ಒತ್ತಡದಲ್ಲಿ 20 ತಪ್ಪುತ್ತದೆ. ಎಲಿಸಬೆತ್ ಫಿಷರ್-ಫ್ರೀಡ್ರಿಶ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಹೀಲಾ ಕೋಶದ ಒತ್ತಡ 40ರಿಂದ 400 ಪಾಸ್ಕಲ್‌ಗೆ, ಬಿಗಿತ ಮೀಟರಿಗೆ 0.2ರಿಂದ 1.6 ಮಿಲಿನ್ಯೂಟನ್ನಿಗೆ ಏರಿತ್ತು.

ಬಿಗಿತ ಮಯೋಸಿನ್‌ನದೇ ಎಂದು ತೋರಿಸಲು, ಮಯೋಸಿನನ್ನು ತಡೆಯುವ ಬ್ಲೆಬಿಸ್ಟಾಟಿನ್ ಎಂಬ ಔಷಧ ಹಾಕುವಾಗ ದೀಪದ ಮೇಲೆ ಎಚ್ಚರವಿರಲಿ: ನೀಲಿ ಬೆಳಕು ಬಿದ್ದರೆ ಆ ಔಷಧ ನಿಷ್ಕ್ರಿಯವಾಗುತ್ತದೆ, ಕೋಶಕ್ಕೆ ವಿಷವೂ ಆಗುತ್ತದೆ.

ದಪ್ಪದ ಪ್ರಶ್ನೆಗೆ 2017ರಲ್ಲಿ ನೇರ ಉತ್ತರ ಸಿಕ್ಕಿತು: ವಿಭಜನೆಯ ಹೊತ್ತಿಗೆ ಕಾರ್ಟೆಕ್ಸ್ ತೆಳ್ಳಗಾಗಿಯೂ ಬಿಗಿತ ಏರಿತ್ತು. ಎಳೆಗಳು ತೀರಾ ಗಿಡ್ಡವಾದರೂ ಬಿಗಿತ ಇಳಿಯಿತು, ತೀರಾ ಉದ್ದವಾದರೂ ಇಳಿಯಿತು. ಗಿಡ್ಡ ನಾರಿನಲ್ಲಿ ಹಗ್ಗ ಹೊಸೆಯಲಾಗದು ಎಂಬುದು ಗೊತ್ತಿದ್ದದ್ದೇ. ಉದ್ದವೂ ಕೆಲಸ ಕೆಡಿಸಿದ್ದು ನಿಜಕ್ಕೂ ಚೆಂದದ ಸಂಗತಿ.

ಆದರೆ ಈ ಹನಿಯ ಲೆಕ್ಕ ಕೋಶ ದುಂಡಗಿರುವ ತನಕ ಮಾತ್ರ. ಇಬ್ಭಾಗವಾಗಲು ಕೋಶದ ಸೊಂಟ ಕಿರಿದಾಗತೊಡಗಿದ ಮೇಲೆ ಬಿಗಿತ ಎಲ್ಲೆಡೆ ಒಂದೇ ಇರುವುದಿಲ್ಲ. ಆಗ ಒಂದು ತುದಿಯ ಕಾರ್ಟೆಕ್ಸನ್ನು ಲೇಸರಿನಿಂದ ಕತ್ತರಿಸಿದರೆ ಆ ತುದಿ ಸಡಿಲಾಗುತ್ತದೆ, ಎದುರಿನ ತುದಿ ಕೋಶದ್ರವವನ್ನು ಸೊಂಟದ ಮೂಲಕ ಅತ್ತ ತಳ್ಳುತ್ತದೆ.