ಕೆಮ್ಮೆಲ್‌ಬರ್ಗ್: ಯುದ್ಧದ ಗುಡ್ಡ ರೇಸಿನ ಗುಡ್ಡ ಆಗಿದ್ದು ಹೇಗೆ

ಗೆಂಟ್–ವೆವೆಲ್ಗೆಮ್ ಸೈಕಲ್ ರೇಸ್ ನೋಡುವವರಿಗೆ ಕೆಮ್ಮೆಲ್‌ಬರ್ಗ್ ಅಂದರೆ ಕಲ್ಲುಹಾಸಿನ ಕಡಿದಾದ ಏರು. ಇತಿಹಾಸ ಓದುವವರಿಗೆ 1918ರ ಏಪ್ರಿಲ್. ಈಗೀಗ ಎರಡೂ ಎಷ್ಟು ಕಲಸಿಹೋಗಿವೆ ಅಂದರೆ, ಸ್ಮರಣೆ ಎಲ್ಲಿ ಮುಗಿದು ಪ್ರಚಾರ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದೇ ಕಷ್ಟ.

ಬೆಲ್ಜಿಯಂನ ಈಪರ್ ಊರಿನ ಹತ್ತಿರ ಇರುವ ಇದರ ಎತ್ತರ ಬರೀ 156 ಮೀಟರ್. ನಮ್ಮ ಕಡೆ ದಿಬ್ಬ ಅಂದಾರು. ಆದರೆ ಸುತ್ತ ಎಲ್ಲ ಸಪಾಟು ನೆಲ, ಮೇಲೆ ನಿಂತವರಿಗೆ ಮೈಲಿಗಟ್ಟಲೆ ಕಾಣುತ್ತದೆ. ಹಾಗಾಗಿ ಒಂದನೇ ಮಹಾಯುದ್ಧದಲ್ಲಿ ಇದು ಎರಡೂ ಕಡೆಯವರಿಗೆ ಬೇಕಿತ್ತು. 1918ರ ಏಪ್ರಿಲ್ 25ರ ನಸುಕಿನಲ್ಲಿ ಜರ್ಮನ್ನರು ವಿಷಾನಿಲ, ಶೆಲ್ ಸುರಿಸಿ, ಫ್ರೆಂಚರು ಕಾಯುತ್ತಿದ್ದ ಗುಡ್ಡವನ್ನು ಕೆಲವೇ ಗಂಟೆಗಳಲ್ಲಿ ಕಿತ್ತುಕೊಂಡರು. ಸೆಪ್ಟೆಂಬರ್ ಹೊತ್ತಿಗೆ ಅದು ಮತ್ತೆ ಮಿತ್ರಪಡೆಗಳ ಕೈಗೆ ಬಂತು. ಇಳಿಜಾರಿನಲ್ಲಿರುವ ಸಾಮೂಹಿಕ ಸಮಾಧಿಯಲ್ಲಿ 5,294 ಫ್ರೆಂಚ್ ಸೈನಿಕರಿದ್ದಾರೆ, ಗುರುತು ಸಿಕ್ಕಿದ್ದು 57 ಜನರದ್ದು ಮಾತ್ರ.

1934ರಲ್ಲಿ ಶುರುವಾದ ರೇಸ್ ಗುಡ್ಡ ಹತ್ತಿದ್ದು 1955ರಲ್ಲಿ. ಅತಿ ಕಡಿದಾದ ಮಗ್ಗುಲಿನಲ್ಲಿ ಏರು ಶೇ 20 ದಾಟುತ್ತದೆ. ಒದ್ದೆ ಕಲ್ಲಿನ ಮೇಲೆ ಸೀಟಿನಿಂದ ಎದ್ದು ತುಳಿದರೆ ಹಿಂದಿನ ಚಕ್ರ ಜಾರುತ್ತದೆ, ಕೂತೇ ತುಳಿದರೆ ಸೈಕಲ್ ಮುಂದೆ ಹೋಗುವುದಿಲ್ಲ. ಇಲ್ಲಿ ಗುಂಪು ಚೂರುಚೂರಾಗುತ್ತದೆ. ಆದರೂ ಗೆಲುವು ಇಲ್ಲೇ ತೀರ್ಮಾನ ಆಗಲ್ಲ. ಆಮೇಲೆ ವೆವೆಲ್ಗೆಮ್‌ವರೆಗೆ 30 ಕಿಲೋಮೀಟರಿಗೂ ಜಾಸ್ತಿ ಸಪಾಟು ರಸ್ತೆ, ಮೈಗೆ ಹೊಡೆಯುವ ಗಾಳಿ. ಹಿಂದೆ ಬಿದ್ದ ಸ್ಪ್ರಿಂಟರ್‌ಗಳು (ಕೊನೆಯ ಓಟದಲ್ಲಿ ಜೋರಾಗಿ ನುಗ್ಗುವವರು) ಒಟ್ಟಾಗಿ ಬೆನ್ನಟ್ಟಿದರೆ ಮುಂದಿದ್ದವರು ಸಿಕ್ಕಿಬೀಳುತ್ತಾರೆ. ಈ ರೇಸಿನ ಮಜಾ ಇರುವುದೇ ಅಲ್ಲಿ. 2015ರಲ್ಲಂತೂ ಗಾಳಿ ಸವಾರರನ್ನು ಎತ್ತಿ ಚರಂಡಿಗೆ ಹಾಕಿತು, ಕೊನೆ ಮುಟ್ಟಿದವರು 39 ಜನ.

ನಿಜವಾದ ತಕರಾರು ಏರಿನ ಬಗ್ಗೆ ಅಲ್ಲ, ಇಳಿಯುವುದರ ಬಗ್ಗೆ. ಕಲ್ಲುಹಾಸಿನ ಮೇಲೆ ವೇಗವಾಗಿ ಇಳಿಯುವಾಗ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ, ನೀರಿನ ಬಾಟಲಿಗಳು ಎಗರಿ ಹಿಂದಿನವರ ಚಕ್ರದಡಿ ಬೀಳುತ್ತವೆ. 2007ರಲ್ಲಿ ಸಾಲುಸಾಲು ಬಿದ್ದರು. ಸವಾರ ಜಿಮ್ಮಿ ಕ್ಯಾಸ್ಪರ್ ಮುಖಕ್ಕೆ ಪೆಟ್ಟಾಯಿತು, ಇನ್ನೊಬ್ಬ ಸವಾರ ವಿಲ್ಫ್ರಿಡ್ ಕ್ರೆಟ್ಸ್‌ಕೆನ್ಸ್ ತೊಡೆಮೂಳೆ ಮುರಿಯಿತು. ಆಮೇಲೆ ಇಳಿಯುವ ದಾರಿ ಬದಲಾಯಿತು. ಅದಕ್ಕೂ ಮುಂಚೆ ಬಿದ್ದವರು ಲೆಕ್ಕಕ್ಕೆ ಇರಲಿಲ್ವಾ ಅಂತ ಕೇಳಬೇಕೆನಿಸುತ್ತದೆ. 2016ರಲ್ಲಿ ಬಿದ್ದ ಸವಾರನೊಬ್ಬ ರೇಸಿನ ಮೋಟರ್‌ಬೈಕ್ ಡಿಕ್ಕಿಯಾಗಿ ತೀರಿಕೊಂಡ. ಅದು ನಡೆದದ್ದು ಫ್ರಾನ್ಸ್ ಭಾಗದ ರಸ್ತೆಯಲ್ಲಿ, ಗುಡ್ಡದಲ್ಲಲ್ಲ. ಹಾಗಾಗಿ ಎಲ್ಲ ಅಪಾಯವನ್ನೂ ಕೆಮ್ಮೆಲ್‌ಬರ್ಗ್ ತಲೆಗೆ ಕಟ್ಟುವುದೂ ಸರಿಯಲ್ಲ.

ಈ ನಡುವೆ ಯುದ್ಧ ರೇಸಿನೊಳಗೆ ಬಂತು. ರೇಸಿನ ಹೆಸರಿಗೆ ಆ ಯುದ್ಧದ ಪ್ರಸಿದ್ಧ ಇಂಗ್ಲಿಷ್ ಕವಿತೆಯ ಹೆಸರು 'ಇನ್ ಫ್ಲಾಂಡರ್ಸ್ ಫೀಲ್ಡ್ಸ್' ಸೇರಿತು, 2017ರಲ್ಲಿ ಯುದ್ಧ ನಡೆದ ಪ್ಲೂಗ್‌ಸ್ಟೀರ್ಟ್ ಊರಿನ ಸುತ್ತಲಿನ ಕಚ್ಚಾ ದಾರಿಗಳು ಸೇರಿದವು, 2020ರಿಂದ ರೇಸ್ ಈಪರ್‌ನಿಂದಲೇ ಹೊರಟಿತು. ಅಲ್ಲಿನ ಸ್ಮಾರಕ ಮೆನಿನ್ ಗೇಟ್ ಮೇಲೆ ನಾಪತ್ತೆಯಾದ 54,000ಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ, ಅದರಲ್ಲಿ ಭಾರತೀಯರದ್ದೂ ಇವೆ. ನೆನಪು ಮಾಡಿಕೊಳ್ಳುವುದು ತಪ್ಪಲ್ಲ. ರೇಸ್ ಇಲ್ಲದಿದ್ದರೆ ಗುಡ್ಡದ ಆ ಸಾಮೂಹಿಕ ಸಮಾಧಿಯ ಹೆಸರು ನಮಗೆಲ್ಲಿ ಗೊತ್ತಾಗುತ್ತಿತ್ತು? ಆದರೆ ಟಿವಿಯಲ್ಲಿ ಸಮಾಧಿ ಕಾಣಿಸುವುದು ಒಂದೆರಡು ಸೆಕೆಂಡ್, ಜಾಹೀರಾತು ಮಾತ್ರ ಉದ್ದಕ್ಕೂ. 2026ರಿಂದ ರೇಸ್ ಸಮುದ್ರದಂಡೆಯ ಮಿಡೆಲ್‌ಕೆರ್ಕೆಯಿಂದ ಹೊರಡುವಂತೆ ಬದಲಾಯಿತು, ಹೆಸರಿನಿಂದ ಗೆಂಟ್ ಹೋಯಿತು, 'ಫ್ಲಾಂಡರ್ಸ್ ಫೀಲ್ಡ್ಸ್' ಉಳಿಯಿತು.